ಕಣದಲ್ಲಿ ಅನ್ನಬಾರದ ಮಾತು

ನಮ್ಮ ಕಡೆ ರಾಶಿ ಮಾಡುವ ಕಣದಲ್ಲಿ ನಿಂತು 'ಸಾಕು' ಅನ್ನುವಂತಿಲ್ಲ. 'ಕಡಿಮೆ' ಅನ್ನುವಂತಿಲ್ಲ. 'ಮುಗಿಯಿತು', 'ಖಾಲಿ', 'ನಿಲ್ಲಿಸು', ಇವೂ ಇಲ್ಲ. ಕಾಳಿನ ಲಕ್ಷ್ಮಿ ಕೇಳಿಸಿಕೊಂಡು, ಹಾಗಾದರೆ ನಾನು ಹೊರಟೆ ಎಂದು ಎದ್ದು ಹೋಗುತ್ತಾಳಂತೆ. ಅದಕ್ಕೆ ಎಲ್ಲದಕ್ಕೂ ಒಂದೇ ಮಾತು, ಹೆಚ್ಚಿಸು. ಎತ್ತು ನಿಲ್ಲಿಸಬೇಕೆಂದರೆ ಹೆಚ್ಚಿಸು. ದೀಪ ಆರಿಸಬೇಕೆಂದರೆ ಹೆಚ್ಚಿಸು. ಊಟ ಬಡಿಸುವವಳಿಗೆ ಇನ್ನು ಬೇಡ ಅನ್ನಬೇಕೆಂದರೂ 'ಹೆಚ್ಚಾಯಿತು' ಅನ್ನಬೇಕು.

ಆ ಬೇಡದ ಮಾತುಗಳನ್ನೇ ನಾನು ಒಂದೇ ಉಸಿರಿಗೆ, ಕೂಲಿಯವರು ಮನೆಯವರು ಎಲ್ಲರ ಎದುರು, ಕಣದ ನಡುವೆ ನಿಂತು ಕೂಗಿದೆ. ಅದೂ ಗಂಡ ಸತ್ತವಳು. ಈಗಲೂ ನಮ್ಮ ಊರಲ್ಲಿ ಮುದುಕರು ಆ ವಿಷಯ ತೆಗೆಯುತ್ತಾರೆ. ತೆಗೆಯಲಿ. ಕೂಗಿದ್ದು ಯಾಕೆ ಅನ್ನುವುದನ್ನು ಮಾತ್ರ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಈ ಊರಿಗೆ ಬಂದದ್ದು ನಮ್ಮ ಬೀದರ್ ಕನ್ನಡದ ರಾಜ್ಯಕ್ಕೆ ಸೇರಿದ ವರ್ಷ. ಊರು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ, ಡಾಂಬರು ರಸ್ತೆ ಬಿಟ್ಟು ಒಳಗೆ. ಆ ವರ್ಷದ ಜೋಳದ ರಾಶಿಯಲ್ಲಿ ನನ್ನನ್ನು ಅಂಬಲಿ ಬಡಿಸಲು ಕಣಕ್ಕೆ ಕಳಿಸಿದರು. ನನ್ನ ತವರಿನವರಿಗೆ ಹೊಲವಿರಲಿಲ್ಲ, ಕಲ್ಯಾಣದ ಪೇಟೆಯಲ್ಲಿ ಅಡಿಕೆ ತಂಬಾಕು ಮಾರುತ್ತಿದ್ದರು. ಕಣದ ಭಾಷೆ ನನಗೆ ಯಾರು ಕಲಿಸಿದ್ದರು? ಮಾವನ ತಮ್ಮ ಬಟ್ಟಲು ಹಿಡಿದು "ಹೆಚ್ಚಾತವ್ವ" ಎಂದರು. ಹೆಚ್ಚು ಬೇಕೆನ್ನುತ್ತಾರೆ ಎಂದುಕೊಂಡು ನಾನು ಸುರಿದೆ. "ಹೆಚ್ಚಾತು, ಹೆಚ್ಚಾತು!" ಎಂದರು. ಇನ್ನೂ ಸುರಿದೆ. ಅಂಬಲಿ ಮೊಣಕೈ ದಾಟಿ ಧೋತರದ ಮೇಲೆ ಇಳಿಯಿತು. ಆ ಮನುಷ್ಯ ಎದ್ದು ಕುಣಿದಾಡಿದನೇ ಹೊರತು 'ಸಾಕು' ಅನ್ನಲಿಲ್ಲ. ಅಷ್ಟು ಗಟ್ಟಿ ಆ ನೇಮ. ಅತ್ತೆ ಆಮೇಲೆ ನನ್ನ ಕಿವಿ ಹಿಂಡಿ ಒಂದೊಂದೇ ಮಾತು ಕಲಿಸಿದರು. ಕೈಸನ್ನೆಗೂ ನೇಮವಿತ್ತು. ಕಣದಲ್ಲಿ ಅಂಗೈ ಕೆಳಗೆ ಮಾಡಿ ಅಲ್ಲಾಡಿಸಬಾರದು, ರಾಶಿ ಕೂತುಬಿಡುತ್ತದೆ. ಏನು ನಿಲ್ಲಿಸಬೇಕಿದ್ದರೂ ಎರಡೂ ಕೈ ಮೇಲಕ್ಕೆತ್ತಿ ತೋರಿಸಬೇಕು.

ಇದನ್ನು ಮೊದಲೇ ಹೇಳಿಟ್ಟಿದ್ದೇನೆ. ಮುಂದೆ ಬರುತ್ತದೆ.

ನನ್ನ ಗಂಡನಿಗೆ ಜ್ವರ ಬಂತು, ಹೋದ. ಅದರ ಬಗ್ಗೆ ಬರೆಯುವುದು ಹೆಚ್ಚೇನಿಲ್ಲ, ಒಳ್ಳೆಯವನಿದ್ದ. ಮಗಳೊಬ್ಬಳಿದ್ದಳು, ದೊಡ್ಡವಳಾಗಿ ಗಂಡನ ಮನೆಗೆ ಹೋದಳು. ನಮ್ಮ ಪಾಲಿನ ಹೊಲವನ್ನು ಭಾವ, ಅಂದರೆ ಗಂಡನ ಅಣ್ಣ, ತನ್ನ ಹೊಲದ ಜೊತೆಗೆ ಹೂಡುತ್ತಿದ್ದ. ಸುಗ್ಗಿಗೆ ನನಗೆ ಜೋಳ ತೊಗರಿ ತಂದು ಹಾಕುತ್ತಿದ್ದ. ಹೊಟ್ಟೆಗೆ ಕೊರತೆ ಮಾಡಲಿಲ್ಲ, ಸುಳ್ಳು ಹೇಳಬಾರದು. ಆದರೆ ನನ್ನ ಹೊಲದಲ್ಲಿ ಏನು ಬಿತ್ತಬೇಕೆಂದು ನನ್ನನ್ನು ಎಂದೂ ಕೇಳಲಿಲ್ಲ. ಆ ಹೊಲದಲ್ಲೇ ಕಳೆ ಕೀಳುತ್ತಿದ್ದೆ, ಅಲ್ಲೇ ಕೊಯ್ಯುತ್ತಿದ್ದೆ, ಸಂಜೆ ಯಾರದೋ ಹೊಲದ ಆಳಿನ ಹಾಗೆ ಮನೆಗೆ ಬರುತ್ತಿದ್ದೆ. ಹಳ್ಳದ ದಂಡೆಯ ಕರಿಭೂಮಿ ಅದು. ನೆಲ ಬಿರಿದರೆ ಕಾಲು ಇಳಿಯುತ್ತದೆ, ಮಳೆ ಬಂದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ನನಗೆ ಅದರ ಒಂದೊಂದು ಹೆಂಟೆಯೂ ಗೊತ್ತು.

ಬಹಳ ವರ್ಷ ಸುಮ್ಮನಿದ್ದೆ. ಎಂಬತ್ತನೇ ಇಸವಿಯ ಆಚೆ ಈಚೆ ನಮ್ಮ ಕಡೆಗೆ ಸೋಯಾ ಅನ್ನುವ ಹೊಸ ಕಾಳು ಬಂತು. ಬೀಜದ ಸಾಹೇಬ ಎಂದು ನಾವು ಕರೆಯುತ್ತಿದ್ದ ಒಬ್ಬ ನೌಕರ ಸೈಕಲ್ ಮೋಟಾರಿನ ಮೇಲೆ ಬಂದು ಹನುಮಪ್ಪನ ಗುಡಿಕಟ್ಟೆಯ ಮೇಲೆ ಕೂತು ಹೇಳಿದ. ಬಿತ್ತಲು ಬೀಜ ಕೊಡುತ್ತೇವೆ, ಬೆಳೆದದ್ದನ್ನು ಮತ್ತೆ ಬೀಜಕ್ಕೇ ಕೊಳ್ಳುತ್ತೇವೆ, ಆದರೆ ಕಾಳು ಇಡಿಯಾಗಿರಬೇಕು, ಒಡೆದಿರಬಾರದು, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳೆಯಬೇಕು.

ಗಂಡಸರು ಕಾಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. ಒಬ್ಬ ಬಾಯಿಗೆ ಹಾಕಿ ಉಗುಳಿದ.

"ಇದು ತಿನ್ನಾಕ ಬರಂಗಿಲ್ಲ, ಇದರ ಹೊಟ್ಟು ದನಾನೂ ಮೂಸಂಗಿಲ್ಲ. ಯಾವ ಕರ್ಮಕ್ಕ ಬಿತ್ತಬೇಕ್ರಿ ಸಾಹೇಬ್ರ?"

"ಎಣ್ಣಿ ತೆಗೀತಾರ್ರಿ."

"ನಮ್ಮ ಎಣ್ಣಿ ನೀವು ಈಗಾಗ್ಲೇ ತೆಗದೀರಲ್ಲ" ಎಂದ ಇನ್ನೊಬ್ಬ. ಎಲ್ಲರೂ ನಕ್ಕರು.

ನಾನು ಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು ನಿಂತಿದ್ದೆ. "ನಾ ಬಿತ್ತತೀನ್ರಿ" ಎಂದೆ.

ನಗು ಇನ್ನೂ ಜೋರಾಯಿತು. ಭಾವ ನಗಲಿಲ್ಲ. "ಮನಿಗೆ ನಡಿ" ಎಂದ. ನಾನು ಹೋಗಲಿಲ್ಲ. ಹಳ್ಳದ ಹೊಲ ನನ್ನ ಗಂಡನ ಪಾಲಿನದು, ಈ ಸಲ ನಾನೇ ಬಿತ್ತುತ್ತೇನೆ ಎಂದು ಕಟ್ಟೆಯ ಹಿರಿಯರ ಎದುರು ಹೇಳಿದೆ. ಅವರು ಮುಖ ಮುಖ ನೋಡಿಕೊಂಡರು. ಭಾವನಿಗೆ ಸಿಟ್ಟು ಎಷ್ಟು ಬಂತೋ ಅಷ್ಟೇ ಬುದ್ಧಿಯೂ ಬಂತು. ಅವನು ಎಲ್ಲರಿಗೂ ಕೇಳುವಂತೆ ಅಂದ:

"ಆತು. ಒಂದು ಬೆಳಿ ಮಾಡ್ಲಿ. ಅಕಿ ಬೀಜ ಪಾಸ್ ಆದ್ರ ಹಳ್ಳದ ಹೊಲ ಅಕಿ ಕೈಯಾಗ ಇರ್ಲಿ, ನಾ ಕೇಳಂಗಿಲ್ಲ. ಪಾಸ್ ಆಗ್ಲಿಲ್ಲಂದ್ರ ಇನ್ನ ಜಲ್ಮದಾಗ ಹೊಲದ ಮಾತು ಎತ್ತಬಾರದು. ಏನಂತಿ?"

"ಹೂಂ" ಅಂದೆ.

ಅಷ್ಟೇ ನಮ್ಮ ಕರಾರು. ಕಾಗದವಿಲ್ಲ, ಹೆಬ್ಬೆಟ್ಟಿಲ್ಲ. ಅಷ್ಟು ಮಂದಿಯ ಕಿವಿ ಇದ್ದವಲ್ಲ.

ಬೆಳೆ ಚೆನ್ನಾಗಿ ಬಂತು. ಅದರ ಕಥೆ ಬಿಡಿ. ಸೋಯಾದ ಕಷ್ಟವಿರುವುದು ಕೊಯ್ಲಿನಲ್ಲಿ. ಎಲೆ ಉದುರಿ ಕಾಯಿ ಕಂದಾದ ಮೇಲೆ ಬಿಸಿಲಿಗೆ ತಾನೇ ಸಿಡಿಯುತ್ತದೆ. ಮಧ್ಯಾಹ್ನ ಹೊಲದಲ್ಲಿ ನಿಂತರೆ ಚಟ್ ಚಟ್ ಎಂದು ಕೇಳಿಸುತ್ತದೆ, ನಿನ್ನ ಕಾಳು ನಿನ್ನ ಕಣ್ಣೆದುರೇ ನೆಲಕ್ಕೆ ಬೀಳುತ್ತಿರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಕೊಯ್ದು ತಂದು ಕಣದಲ್ಲಿ ಬಣವೆ ಒಟ್ಟಿದೆವು. ಬಡಿಗೆಯಲ್ಲಿ ಬಡಿಯೋಣವೆಂದರೆ ಹುಮನಾಬಾದಿನ ಕಡೆ ದಿನವೂ ಮೋಡ ಕಟ್ಟುತ್ತಿತ್ತು. ಒಂದು ಹಿಂಗಾರು ಮಳೆ ಬಣವೆಯ ಮೇಲೆ ಬಿದ್ದರೆ ಕಾಳು ಕಪ್ಪಾಗುತ್ತದೆ, ಬೀಜದ ಸಾಹೇಬ ಮೂಸಿಯೂ ನೋಡುವುದಿಲ್ಲ. ಅದಕ್ಕೆ ಹುಮನಾಬಾದಿನಿಂದ ರಾಶಿ ಮಾಡುವ ಮಷೀನು ತರಿಸಿದೆ. ಟ್ರ್ಯಾಕ್ಟರಿಗೆ ಪಟ್ಟಾ ಕಟ್ಟಿ ತಿರುಗಿಸುವ ಮಷೀನು. ಒಳಗೆ ಕಬ್ಬಿಣದ ಹಲ್ಲಿನ ಡ್ರಮ್ಮು, ಅದರ ಅಡಿಗೆ ಕಬ್ಬಿಣದ ಸರಳು ಹೆಣೆದ ಜಾಲಿ, ಜಾಲಿಯ ಕೆಳಗೆ ಜರಡಿ, ಪಕ್ಕಕ್ಕೆ ಹೊಟ್ಟು ಹಾರಿಸುವ ಪಂಖಾ. ಈಗ ಹೊಲಕ್ಕೇ ಇಳಿದು ಕೊಯ್ದು ಒಕ್ಕಿ ಕೊಡುವ ದೊಡ್ಡ ಮಷೀನು ಬಂದಿದೆ. ಅದರ ಹೊಟ್ಟೆಯೊಳಗೂ ಇವೇ ಇರುತ್ತವೆ, ನಾನು ಬಗ್ಗಿ ನೋಡಿದ್ದೇನೆ.

ಮಷೀನಿನ ಜೊತೆ ಬಂದವನು ಒಬ್ಬ ಮಿಸ್ತ್ರಿ. ಹುಮನಾಬಾದಿನ ಪೇಟೆಯಲ್ಲಿ ಹುಟ್ಟಿದವನು, ಮನೆಯಲ್ಲಿ ದಖನಿ ಮಾತು. ಮೊದಲು ಹಳ್ಳಿಖೇಡದ ಕಡೆ ಕಬ್ಬಿನ ಲಾರಿಗಳ ರಿಪೇರಿ ಮಾಡುತ್ತಿದ್ದನಂತೆ, ಮಷೀನಿನ ಕೆಲಸಕ್ಕೆ ಅದೇ ಸುಗ್ಗಿಯಲ್ಲಿ ಸೇರಿದ್ದ. ಕೆಲಸಗಾರ, ಆದರೆ ಕಣ ಅನ್ನುವುದನ್ನು ಹತ್ತಿರದಿಂದ ಕಂಡವನಲ್ಲ. ಚಪ್ಪಲಿ ಹಾಕಿಕೊಂಡೇ ಒಳಗೆ ಕಾಲಿಟ್ಟ. ಕೂಲಿಯ ಹೆಂಗಸರು ಹೋ ಎಂದರು. ಪಾಪ, ಹಾರಿ ಹೊರಗೆ ಬಿದ್ದ.

ಕಣದ ಪೂಜೆ ಭಾವನೇ ಮಾಡಿದ. ಬೆಳೆ ನನ್ನದು, ಪೂಜೆ ಅವನದು. ಗಂಡನಿಲ್ಲದವಳು ಕಾಯಿ ಒಡೆಯಬಾರದಂತೆ. ನೆಗೆಣ್ಣಿ, ಭಾವನ ಹೆಂಡತಿ, ನನ್ನನ್ನು ಕೈಹಿಡಿದು ಹಿಂದಕ್ಕೆ ನಿಲ್ಲಿಸಿದಳು. ಅವತ್ತು ಅದಕ್ಕೆ ಜಗಳ ಮಾಡಲಿಲ್ಲ. ನನ್ನ ಕಣ್ಣು ಹುಮನಾಬಾದಿನ ಮೋಡದ ಮೇಲಿತ್ತು.

ಬೆಳಿಗ್ಗೆ ಮಷೀನು ಶುರುವಾಯಿತು, ನಿಂತಿತು. ಇಬ್ಬನಿ ಆರದ ಕಾಂಡ ಡ್ರಮ್ಮಿಗೆ ಸೀರೆ ಸುತ್ತಿದ ಹಾಗೆ ಸುತ್ತಿಕೊಂಡಿತು. ಪಟ್ಟಾ ಜಾರಿ ಸುಟ್ಟ ವಾಸನೆ ಬಂತು. ಮಿಸ್ತ್ರಿ ಮುಚ್ಚಳ ತೆಗೆದು ಕುಡಗೋಲಿನಿಂದ ಕೊಯ್ದು ಕೊಯ್ದು ಬಿಡಿಸಿದ.

"ಅವ್ವಾ, ಮಾಲ್ ಗೀಲಾ ಅದ. ಹಸಿ ಅದ. ಬಿಸಲ ಏರ್ಲಿ."

ಬಿಸಿಲು ಏರುವ ತನಕ ಕೂತೆವು. ಭಾವ ಬಣವೆಯ ನೆರಳಲ್ಲಿ ಎಲೆ ಅಡಿಕೆ ಹಾಕಿಕೊಂಡು "ಮಷೀನ್ ಅಂತ ಮಷೀನ್, ಎತ್ತು ಆಗಿದ್ರ ಇಷ್ಟೊತ್ತಿಗೆ ಅರ್ಧ ತುಳೀತಿದ್ವು" ಎಂದ. ಸೋಯಾವನ್ನು ಎತ್ತಿನಿಂದ ತುಳಿಸಿದರೆ ಏನಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬಿಸಿಲಿಗೆ ಬಣವೆ ಗರಿಗರಿಯಾಯಿತು. ಎರಡನೇ ಸಲ ಮಷೀನು ಶುರುಮಾಡಿದಾಗ ಸರಾಗ ಓಡಿತು. ಹೆಂಗಸರು ಬಣವೆಯಿಂದ ಸಿವುಡು, ಅಂದರೆ ಬೆಳೆಯ ಕಟ್ಟು, ತಂದು ತಂದು ಹಾಕಿದರು, ಧೂಳು ಎದ್ದಿತು, ಮೈಯೆಲ್ಲ ನವೆ. ಮಷೀನಿನ ಬಾಯಿಯಿಂದ ಕಾಳು ಸುರಿಯುವುದು ಕಂಡು ನನಗೆ ಜೀವ ಬಂತು. ಬಗ್ಗಿ ಒಂದು ಹಿಡಿ ತೆಗೆದೆ.

ಬೇಳೆ! ಕಾಳಲ್ಲ, ಹಳದಿ ಬೇಳೆ. ಬೀಸುಕಲ್ಲಿಗೆ ಹಾಕಿದ ಹಾಗೆ ಎರಡು ಹೋಳಾಗಿತ್ತು. ಇಡಿಯಾಗಿ ಕಂಡ ಕಾಳನ್ನು ಹಲ್ಲಿನ ನಡುವೆ ಇಟ್ಟರೆ ಸಿಪ್ಪೆ ಬಿರುಕು ಬಿಟ್ಟು ಜಾರುತ್ತಿತ್ತು. ಡ್ರಮ್ಮು ಗೋಧಿಗೆ ತಿರುಗಿದ ವೇಗದಲ್ಲೇ ತಿರುಗುತ್ತಿತ್ತು. ಒಣಗಿದ ಸೋಯಾ ಆ ಹೊಡೆತ ತಾಳಲಿಲ್ಲ. ಬೇಳೆ ಮೊಳೆಯುತ್ತದೆಯೇ? ನನ್ನ ಹೊಲ ಆ ಬಾಯಿಯಿಂದ ಪುಡಿಯಾಗಿ ಸುರಿಯುತ್ತಿತ್ತು.

ಭಾವನೂ ಕಂಡ. ಇದನ್ನು ಹೇಳಲೇಬೇಕು, ಅವನು ನನ್ನ ಬೆಳೆ ಹಾಳಾಗಲಿ ಎಂದು ಸುಮ್ಮನೆ ಕೂರಲಿಲ್ಲ. ಒಕ್ಕಲಿಗನ ಕಣ್ಣಿಗೆ ಕಾಳು ಒಡೆಯುವುದು ಸಹಿಸದು. ನನಗಿಂತ ಮುಂಚೆ ಓಡಿ ಬಂದ. ಮಷೀನಿನ ಸದ್ದಿನಲ್ಲಿ ಗಂಟಲು ಹರಿಯುವಂತೆ ಕೂಗಿದ:

"ಮಿಸ್ತ್ರೀ! ಹೆಚ್ಚಸೋ! ಹೆಚ್ಚಸೋ!"

ಎರಡೂ ಕೈ ಮೇಲಕ್ಕೆತ್ತಿ ತೋರಿಸಿದ, ನೇಮದ ಪ್ರಕಾರ.

ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಮಿಸ್ತ್ರಿ ತಲೆಯಾಡಿಸಿದ, ರೇಸು ಹೆಚ್ಚಿಸಿದ.

ಡ್ರಮ್ಮು ಕೀರಲು ದನಿ ತೆಗೆಯಿತು. ಬೇಳೆ ಧಾರಾಕಾರ ಸುರಿಯಿತು, ನುಚ್ಚೂ ಬರತೊಡಗಿತು. ಭಾವ ಹೌಹಾರಿದ. "ಏಯ್! ಹೆಚ್ಚಸಂತೀನಿ! ಕಿವಿ ಕೇಳಾಂಗಿಲ್ಲೇನು? ಹೆಚ್ಚಸು!" ಕೈ ಇನ್ನೂ ಮೇಲೆ ಎತ್ತಿದ, ತುದಿಗಾಲಲ್ಲಿ ನಿಂತ.

ಮಿಸ್ತ್ರಿ ಹುಬ್ಬು ಗಂಟಿಕ್ಕಿ ಇನ್ನಷ್ಟು ಕೊಟ್ಟ.

ನನ್ನ ಕಣ್ಣಿಗೆ ಆ ಹಳೆಯ ಅಂಬಲಿ ಕಂಡಿತು. ಮೊಣಕೈ ದಾಟಿ ಸುರಿದ ಅಂಬಲಿ. ಮಿಸ್ತ್ರಿ ಅಂದು ನಾನು ಮಾಡಿದ್ದನ್ನೇ ಮಾಡುತ್ತಿದ್ದ, ಹೇಳಿದ್ದನ್ನು ಕೇಳುತ್ತಿದ್ದ! ಸುತ್ತ ನಿಂತ ಅಷ್ಟೂ ಮಂದಿಗೆ ಏನಾಗುತ್ತಿದೆ ಎಂದು ಗೊತ್ತಿತ್ತು. ಒಬ್ಬರ ಬಾಯಿಂದಲೂ ಆ ಇನ್ನೊಂದು ಮಾತು ಬರಲಿಲ್ಲ. ನೆಗೆಣ್ಣಿ ಕೂಡ ಕೈ ಮೇಲೆತ್ತಿ "ಹೆಚ್ಚಸಪ್ಪಾ, ನಿನ್ನ ಕೈಮುಗೀತೀನಿ" ಎಂದು ಅಳುದನಿ ತೆಗೆದಳು.

ನಾನು ಕಣದ ನಡುವೆ ಹೋಗಿ ನಿಂತೆ. ಅಂಗೈ ಕೆಳಗೆ ಮಾಡಿ ನೆಲಕ್ಕೆ ಬಡಿಯುವ ಹಾಗೆ ಬೀಸಿದೆ.

"ಕಡಿಮಿ ಮಾಡೋ! ಕಡಿಮಿ! ಸಾಕು! ನಿಲ್ಲಸು! ಸಾಕೇ ಸಾಕು!"

ಮಷೀನು ನಿಂತಿತು.

ಅಷ್ಟು ಸದ್ದಿನ ಮೇಲೆ ಬಂದ ಆ ಮೌನದಲ್ಲಿ ಬಣವೆಯ ಕಾಯಿಗಳು ಚಟ್ ಅನ್ನುವುದು ಕೇಳಿಸಿತು. ಕೂಲಿಯ ಹೆಂಗಸರು ಬುಟ್ಟಿಗಳನ್ನು ಕೆಳಗಿಟ್ಟು ಕೂತುಬಿಟ್ಟರು. ನೆಗೆಣ್ಣಿ ಸೆರಗು ಬಾಯಿಗೆ ಒತ್ತಿಕೊಂಡಳು.

ಭಾವನ ಮುಖ ಬೂದಿಯಾಗಿತ್ತು. "ಏನಂದಿ?"

"ಕೇಳಿಸ್ಲಿಲ್ಲೇನು? ಸಾಕು ಅಂದೆ."

"ಕಣದಾಗ ನಿಂತು... ರಾಶಿ ಎದುರ... ಅದೂ ನೀನು!"

"ನಾನೇ. ಮತ್ತ್ಯಾರು ಅನ್ನಬೇಕಿತ್ತು? ನೀವು ಹೆಚ್ಚಸು ಹೆಚ್ಚಸು ಅಂದು ಬ್ಯಾಳಿ ಮಾಡಿಸಿದ್ರಿ. ಲಕ್ಷ್ಮಿ ನಿಂತಾಳೇನ್ರಿ ಅದರಾಗ? ಹುಡುಕ್ರಿ."

"ಮನಿತನಕ್ಕ ದರಿದ್ರ ಹಚ್ಚಿದಿ."

"ಹಚ್ಚಿದ್ರ ಈ ಹೊಲಕ್ಕ ಹಚ್ಚೇನಿ. ಹೊಲ ನಂದು, ದರಿದ್ರನೂ ನಂದು. ನಿಮಗ ಪಾಲು ಕೇಳಿಲ್ಲ."

ಅವನು ಪೂಜೆಯ ದೀಪ ಕೈಗೆ ತೆಗೆದುಕೊಂಡ. ಈ ಕಣದಲ್ಲಿ ನಾನು ನಿಲ್ಲುವುದಿಲ್ಲ, ಕರಾರು ಎಲ್ಲರಿಗೂ ನೆನಪಿರಲಿ, ಬೀಜ ಪಾಸಾಗದಿದ್ದರೆ ನಾಳೆಯೇ ನೇಗಿಲು ಹೂಡುತ್ತೇನೆ ಎಂದು ಹೊರಟ. ನೆಗೆಣ್ಣಿ ಅವನ ಹಿಂದೆ ಹೋದಳು. ಬದುವಿನ ತನಕ ಹೋಗಿ ತಿರುಗಿ ನೋಡಿದಳು, ಮತ್ತೆ ಹೋದಳು.

ಕೂಲಿಯವರು ಏಳಲಿಲ್ಲ. ನಾನು ಒಂದು ಸಿವುಡು ಎತ್ತಿ ಮಷೀನಿನ ಬಾಯಿಯ ಹತ್ತಿರ ಇಟ್ಟೆ. ಇನ್ನೊಂದು ತಂದೆ. ಅವರಲ್ಲಿ ಹಿರಿಯಳೊಬ್ಬಳಿದ್ದಳು, ಬಾಯಲ್ಲಿ ಹಲ್ಲಿಲ್ಲದಿದ್ದರೂ ನಾಲಿಗೆ ಹರಿತ. ಅವಳು ಕೇಳಿದಳು:

"ಯವ್ವಾ, ಇನ್ನ ಮುಂದ ಈ ಕಣದಾಗ ಸಾಕು ಅನ್ನಬಹುದೇನು?"

"ಅನ್ನಬಹುದು."

"ಹಂಗಾರ ನಂದೊಂದು ಮಾತು. ನಮಗ ನೀ ಹಾಕೋ ಬೈಗಳ ಸಾಕು. ಬರ್ರೆವ್ವಾ, ಏಳ್ರಿ."

ನಗುತ್ತಲೇ ಎದ್ದು ಬಂದರು. ಆ ಮುದುಕಿ ಇಲ್ಲದಿದ್ದರೆ ನಾನೊಬ್ಬಳೇ ಆ ಬಣವೆಯನ್ನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಮಿಸ್ತ್ರಿ ಟ್ರ್ಯಾಕ್ಟರಿನಿಂದ ಇಳಿದು ನನ್ನ ಹತ್ತಿರ ಬಂದ. ಹೆದರಿದ್ದ, ಸಿಟ್ಟೂ ಇತ್ತು.

"ಅವ್ವಾ, ಅವರು ಹೆಚ್ಚಸು ಅಂದ್ರು, ನಾ ಹೆಚ್ಚ ಮಾಡ್ದೆ. ನನ್ನದೇನು ಕಸೂರು?"

ನಾನು ಕಣದ ನೇಮ ಹೇಳಿದೆ. ಅವನು ಬಾಯಿ ತೆರೆದು ಕೇಳಿದ.

"ಯಾ ಅಲ್ಲಾ. ಅಂದ್ರ ಹೆಚ್ಚು ಅಂದ್ರ ಕಮ್ಮಿ?"

"ಹೌದು."

"ಮತ್ತ ಖರೇ ಹೆಚ್ಚು ಬೇಕಂದ್ರ ಏನಂತೀರಿ?"

ನಾನು ಯೋಚಿಸಿದೆ. ಅಷ್ಟು ವರ್ಷ ಕಣದಲ್ಲಿ ನಿಂತಿದ್ದರೂ ಅದು ತಲೆಗೆ ಬಂದಿರಲಿಲ್ಲ. ಎತ್ತಿಗೆ ಬಾರುಕೋಲು ತೋರಿಸುತ್ತಿದ್ದೆವು, ಮಾತಿನ ಅವಶ್ಯಕತೆಯೇ ಇರಲಿಲ್ಲ. "ನೀನು ಇವತ್ತು ನನ್ನ ಕೂಡ ಸೀದಾ ಮಾತಾಡು" ಎಂದೆ. "ಕಮ್ಮಿ ಅಂದ್ರ ಕಮ್ಮಿ. ಜಾಸ್ತಿ ಅಂದ್ರ ಜಾಸ್ತಿ. ಸಾಕು ಅಂದ್ರ ಸಾಕು."

"ಇದು ಛಲೋ ಆತು" ಎಂದ.

ಒಡೆದ ಬೇಳೆಯನ್ನು ಒಂದು ಕಡೆ ಗುಡ್ಡೆ ಮಾಡಿಸಿ, ಕೆಲಸಕ್ಕೆ ಹತ್ತಿದೆವು. ಮೊದಲು ರೇಸು ಇಳಿಸಿ ನೋಡಿದ. ಕಾಳು ಒಡೆಯುವುದು ತಗ್ಗಿತು, ಆದರೆ ಪಂಖಾದ ಗಾಳಿಯೂ ತಗ್ಗಿತು. ಹೊಟ್ಟು ಹಾರದೆ ಕಾಳಿನ ಜೊತೆಗೇ ಬಿತ್ತು, ಜರಡಿ ಕಟ್ಟಿಕೊಂಡಿತು. ಎರಡೂ ಒಂದೇ ಇಂಜಿನ್ನಿಗೆ ಕಟ್ಟಿದ್ದವಲ್ಲವೇ. ಮಿಸ್ತ್ರಿ ತಲೆ ಕೆರೆದುಕೊಂಡು ಪೆಟ್ಟಿಗೆ ತೆರೆದ. ಡ್ರಮ್ಮಿನ ಅಚ್ಚಿಗಿದ್ದ ಸಣ್ಣ ಗಾಲಿ ಬಿಚ್ಚಿ ದೊಡ್ಡ ಗಾಲಿ ಹಾಕಿದ. ಗಾಲಿ ದೊಡ್ಡದಾದರೆ ಡ್ರಮ್ಮು ಮೆಲ್ಲಗೆ ತಿರುಗುತ್ತದೆ, ಪಂಖಾ ಮೊದಲಿನ ಹಾಗೇ ಓಡುತ್ತದೆ. ನನಗೆ ಅದನ್ನು ಬೆರಳಿಗೆ ದಾರ ಸುತ್ತಿ ತೋರಿಸಿದ. ಅರ್ಥವಾಯಿತು, ರಾಟೆ ತಿರುಗಿಸಿದವಳಿಗೆ ಅದೇನು ಕಷ್ಟ?

ಆಮೇಲೆ ಜಾಲಿ. ಡ್ರಮ್ಮಿಗೂ ಜಾಲಿಗೂ ನಡುವಿನ ಸಂದು ಗೋಧಿಗೆ ಸರಿಯಾಗಿತ್ತು, ಸೋಯಾಕ್ಕೆ ಇಕ್ಕಟ್ಟು. ಬೋಲ್ಟು ಸಡಿಲಿಸಿ ಜಾಲಿ ಕೆಳಗಿಳಿಸಿದ. ಮಷೀನು ಓಡಿಸಿದ. ಕಾಳು ಬೀಳುವ ಬಾಯಿಗೆ ನಾನು ಕೈಯೊಡ್ಡಿ ಹಿಡಿದೆ. ಒಡೆದ ಕಾಳು ಇನ್ನೂ ಇತ್ತು.

"ಕಮ್ಮಿ!" ಎಂದೆ.

ಇನ್ನೂ ಇಳಿಸಿದ.

"ಇನ್ನೂ ಕಮ್ಮಿ!"

ಈ ಸಲ ಕಾಳು ಇಡಿಯಾಗಿ ಬಂತು, ಆದರೆ ಬಿಚ್ಚದ ಕಾಯಿಗಳೂ ಹಾಗೇ ಹೊರಗೆ ಬಂದವು. ಹೊಟ್ಟಿನಲ್ಲಿ ಕೈಯಾಡಿಸಿದರೆ ಕಾಯಿ ಸಿಗುತ್ತಿತ್ತು.

"ಜಾಸ್ತಿ!"

"ಯಾವ ಜಾಸ್ತಿ ಅವ್ವಾ? ಪೇಟಿ ಜಾಸ್ತಿನೋ, ಕಣದ ಜಾಸ್ತಿನೋ?"

"ಪೇಟಿದು, ಮೂಳ!"

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಅವನೂ ನಕ್ಕ. ಜಾಲಿಯನ್ನು ಉಗುರಿನಷ್ಟು ಮೇಲೆತ್ತಿದ. ಕಾಯಿ ಬಿಚ್ಚಿಕೊಂಡವು, ಕಾಳು ಉಳಿಯಿತು. ಆದರೆ ಈಗ ಹೊಟ್ಟಿನ ಗುಡ್ಡೆಯಲ್ಲಿ ಕಾಳು ಹೊಳೆಯತೊಡಗಿತು. ಸೋಯಾ ದುಂಡಗೆ, ಉರುಳುವ ಕಾಳು, ಗಾಳಿ ಅದನ್ನೂ ಹೊತ್ತು ಹಾಕುತ್ತಿತ್ತು. ಪಂಖಾದ ಬಾಯಿಗೆ ಮುಚ್ಚಳವಿರಲಿಲ್ಲ. ನಾನು ಗೋಣಿಯ ತುಂಡು ಕಟ್ಟೋಣ ಎಂದೆ. "ಗೋಣಿ ಎಳ್ಕೊಂಡು ಹೋಗ್ತದ ಅವ್ವಾ, ಪಂಖಾ ಮುರೀತದ" ಎಂದ. ಅವನು ಹೇಳಿದ್ದೇ ಸರಿ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ತಂತಿಯಿಂದ ಬಿಗಿದು ಅರ್ಧ ಬಾಯಿ ಮುಚ್ಚಿದ. ಹಾರಿದ್ದು ಹೊಟ್ಟು, ಬಿದ್ದದ್ದು ಕಾಳು.

ನಾನು ಒಂದು ಹಿಡಿ ತೆಗೆದು ಹಲ್ಲಿನ ನಡುವೆ ಇಟ್ಟೆ. ಸಿಪ್ಪೆ ಜಾರಲಿಲ್ಲ. ಎರಡು ಅಂಗೈ ನಡುವೆ ಉಜ್ಜಿದೆ. ಬಿರುಕಿಲ್ಲ. ಕಾಳಿನ ಮೇಲಿನ ಕಂದು ಕಣ್ಣು ಹಾಗೇ ಇತ್ತು.

"ಸಾಕು" ಎಂದೆ. ಕೂಗಿ ಹೇಳಲಿಲ್ಲ, ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಬೋಲ್ಟು ಬಿಗಿದ.

ಆ ಮಧ್ಯಾಹ್ನ ನಾವು ಅನ್ನದ ಮಾತಿಲ್ಲ. ಸಿವುಡು ಹಾಕುವವರು ಒತ್ತಾಗಿ ಹಾಕಿದರೆ "ಕಮ್ಮಿ", ಬುಟ್ಟಿ ತುಂಬಿದರೆ "ಸಾಕು", ಬಣವೆ ಕರಗುತ್ತ ಬಂದಂತೆ "ಮುಗೀತು ನೋಡ್ರಿ". ಮುದುಕಿಯಂತೂ ಬೇಕಿಲ್ಲದಿದ್ದರೂ ಅನ್ನುತ್ತಿದ್ದಳು. ನಾಲ್ಕು ಹನಿ ಮಳೆಯೂ ಬಂತು. ತಾಡಪಾಲು ಎಳೆಯುವಷ್ಟರಲ್ಲಿ ಮೋಡ ಕಲ್ಯಾಣದ ಕಡೆ ಹೋಯಿತು. ಹೊತ್ತು ಮುಳುಗುವ ಮುಂಚೆ ಬಣವೆಯ ಜಾಗದಲ್ಲಿ ಬರಿಯ ನೆಲವಿತ್ತು.

ರಾಶಿ ಅಳೆಯಲು ಭಾವ ಬಂದ. ಬರಲೇಬೇಕು, ಮನೆಯ ಹಿರಿಯ. ಎರಡು ರಾಶಿ ಇದ್ದವು. ಒಂದು ಸಣ್ಣದು, ಹಳದಿ. ಇನ್ನೊಂದು ನನ್ನ ಎದೆಯ ಎತ್ತರ.

"ಇದು ನೀವು ಹೆಚ್ಚಸಿದ್ದು" ಎಂದೆ. "ಅದು ನಾನು ಸಾಕು ಅಂದಿದ್ದು. ಯಾವದರಾಗ ಕಾಳ ಅದ ನೋಡ್ರಿ."

ಅವನು ಕೂತು ದೊಡ್ಡ ರಾಶಿಯಲ್ಲಿ ಮೊಣಕೈ ತನಕ ಕೈ ಇಳಿಸಿ, ಒಳಗಿನ ಕಾಳು ತೆಗೆದು ನೋಡಿದ. ಮೊದಲ ಅಳತೆಗೆ ಒಂದು ಅನ್ನುವುದಿಲ್ಲ ನಾವು, 'ಲಾಭ' ಅನ್ನುತ್ತೇವೆ. ಅವನು "ಲಾಭ" ಎಂದ. ದನಿ ಮಾತ್ರ ಯಾರದೋ ಸಾವಿಗೆ ಬಂದವನ ಹಾಗಿತ್ತು.

ಬೀಜದ ಸಾಹೇಬ ಬಂದು ಕಾಳು ಒಯ್ದ. ನಾನೂ ಮನೆಯಲ್ಲಿ ಹಿಡಿಯಷ್ಟು ಕಾಳನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ಒಲೆಯ ಹಿಂದೆ ಇಟ್ಟಿದ್ದೆ. ಅವನ ಸುದ್ದಿ ಬರುವ ಮುಂಚೆಯೇ ನನ್ನ ಗೋಣಿಯಲ್ಲಿ ಬಿಳಿ ಬಾಲಗಳು ಎದ್ದಿದ್ದವು. ಅದನ್ನು ಬಿಚ್ಚಿಕೊಂಡು ಗುಡಿಕಟ್ಟೆಗೆ ಹೋಗಿ, ನಕ್ಕಿದ್ದವರ ನಡುವೆ ಹರವಿದೆ. ಯಾರೂ ಬಾಯಿಗೆ ಹಾಕಿ ಉಗುಳಲಿಲ್ಲ. ಸಾಹೇಬನೂ ಪಾಸು ಎಂದ. ಹಳ್ಳದ ಹೊಲಕ್ಕೆ ಭಾವ ನೇಗಿಲು ಕಟ್ಟಲಿಲ್ಲ. ಮಾತಿಗೆ ತಪ್ಪಲಿಲ್ಲ, ಆದರೆ ನನ್ನ ಜೊತೆ ಮಾತೂ ಬಿಟ್ಟ. ಆ ವರ್ಷ ನೆಗೆಣ್ಣಿಯ ಎಮ್ಮೆ ಸತ್ತಿತು, ಅದು ನನ್ನ ಬಾಯಿಯಿಂದಲೇ ಸತ್ತದ್ದೆಂದು ಊರು ಹೇಳಿತು. ಮುಪ್ಪಾಗಿದ್ದ ಎಮ್ಮೆ.

ಮರುವರ್ಷ ಊರಿನ ಅರ್ಧ ಹೊಲಗಳಲ್ಲಿ ಸೋಯಾ ಇತ್ತು. ಭಾವನ ಹೊಲದಲ್ಲೂ. ಅದೇ ಮಷೀನು, ಅದೇ ಮಿಸ್ತ್ರಿ. ನಾನು ನನ್ನ ಹೊಲದಲ್ಲಿ ಕೊಯ್ಯುತ್ತಿದ್ದೆ. ನೆಗೆಣ್ಣಿ ಏದುಸಿರು ಬಿಡುತ್ತ ಬಂದಳು.

"ಜಲ್ದಿ ಬಾ. ಬ್ಯಾಳಿ ಬರಾಕತ್ತದ."

"ನಾ ಯಾಕ?"

"ಮಿಸ್ತ್ರಿ ನಮ್ಮ ಮಾತು ಕೇಳಂಗಿಲ್ಲ. ಹೆಚ್ಚಸು ಅಂದ್ರ, ಯಾವ ಹೆಚ್ಚು, ಅಂತ ಕೇಳಾಕತ್ತಾನ. ಅವರು... ನೀ ಬಂದು ಆ ಮಾತು ಅಂದು ಹೋಗಬೇಕಂತ."

ನನಗೆ ನಗು ಬಂತು. ಒಮ್ಮೆ ದರಿದ್ರ ಹಚ್ಚಿಕೊಂಡವಳು, ಇನ್ನೊಮ್ಮೆ ಹಚ್ಚಿಕೊಳ್ಳಲಿ ಎಂದು ಲೆಕ್ಕ. ಕುಡಗೋಲು ಹಿಡಿದುಕೊಂಡೇ ಹೋದೆ. ಕಣದ ಅಂಚಿಗೆ ನಿಂತೆ, ಒಳಗೆ ಕಾಲಿಡಲಿಲ್ಲ. ಮಷೀನು ಗೋಧಿಯ ವೇಗದಲ್ಲೇ ಓಡುತ್ತಿತ್ತು, ಬೇಳೆ ಬೀಳುತ್ತಿತ್ತು. ಭಾವ ಕೈ ಎತ್ತಲೋ ಬೇಡವೋ ಎಂದು ನಿಂತಿದ್ದ. ಮಿಸ್ತ್ರಿ ನನ್ನನ್ನು ಕಂಡು ಸಲಾಂ ಮಾಡಿದ.

"ಅನ್ನು" ಎಂದ ಭಾವ. ಒಂದು ವರ್ಷದ ಮೇಲೆ ನನಗೆ ಆಡಿದ ಮೊದಲ ಮಾತು.

"ಕಣ ಯಾರದು?"

ಅವನು ಹಲ್ಲು ಕಚ್ಚಿದ. "ನಂದು."

"ಹಂಗಾರ ನೀವೇ ಅನ್ರಿ. ನನ್ನ ಕಣದಾಗ ನಾ ಅಂದೇನಿ. ನಿಮ್ಮ ಕಣದ್ದು ನಾ ಹೊರಂಗಿಲ್ಲ."

ಬೇಳೆ ಬೀಳುತ್ತಲೇ ಇತ್ತು. ಕಾಳು ಯಾರದಾದರೇನು, ಒಡೆಯುವುದನ್ನು ನನಗೂ ನೋಡಲಾಗಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಕೊನೆಗೆ ಅವನು ಮಷೀನಿನ ಹತ್ತಿರ ಹೋಗಿ, ಗುಟ್ಟು ಹೇಳುವವನ ಹಾಗೆ ಏನೋ ಅಂದ.

"ಕೇಳಂಗಿಲ್ರೀ ಯಜಮಾನ್ರ!" ಎಂದು ಮಿಸ್ತ್ರಿ ಕಿವಿಗೆ ಕೈಯಿಟ್ಟ. ಕೇಳಿಸಿತ್ತೋ ಇಲ್ಲವೋ, ಅವನಿಗೇ ಗೊತ್ತು.

"ಕಡಿಮಿ!" ಎಂದು ಭಾವ ಕೂಗಿದ. ದನಿ ಒಡೆಯಿತು. "ಕಡಿಮಿ ಮಾಡೋ! ಸಾಕು!"

ಡ್ರಮ್ಮು ನಿಂತಿತು. ಅವನು ಆಕಾಶದ ಕಡೆ ನೋಡಿದ, ಏನಾದರೂ ಬೀಳುತ್ತದೋ ಎಂಬಂತೆ. ನಾನು ಮಿಸ್ತ್ರಿಗೆ, ಗಾಲಿ ಬದಲು ಮಾಡು, ಜಾಲಿ ಇಳಿಸು, ತಗಡು ಕಟ್ಟುವುದು ಮರೆಯಬೇಡ ಎಂದು ಹೇಳಿದೆ. ಅವನಿಗೆ ಅದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು, ಭಾವನ ಬಾಯಿಗೇ ಕಾಯುತ್ತಿದ್ದ.

ತಿರುಗಿ ಹಳ್ಳದ ಹೊಲಕ್ಕೆ ಬಂದೆ. ಬಿಸಿಲು ಏರಿತ್ತು, ಕಾಯಿ ಸಿಡಿಯಲು ಶುರುವಾಗಿತ್ತು. ಕೊಯ್ಯುವುದು ಇನ್ನೂ ಬಹಳವಿತ್ತು.